ಆ 20 ಲೀಟರ್ ಚೆಲ್ಲಬಾರದಿತ್ತು

ಬೆಲ್ಜಿಯಂನ ಲೂವೆನ್‌ಗೆ ಬಂದ ಮೊದಲ ಚಳಿಗಾಲ ದೋಸೆ ಹಿಟ್ಟು ಉಬ್ಬಲೇ ಇಲ್ಲ. ರಾತ್ರಿ ರುಬ್ಬಿಟ್ಟದ್ದು ಬೆಳಿಗ್ಗೆ ನೋಡಿದರೆ ಇಟ್ಟ ಹಾಗೇ ಇತ್ತು. ಓವನ್ನಿನ ದೀಪ ಹಚ್ಚಿ, ಪಾತ್ರೆಯನ್ನು ಅದರೊಳಗೆ ಇಟ್ಟು ಇನ್ನೊಂದು ದಿನ ಕಾದ ಮೇಲೆ ಹುಳಿ ಬಂತು. ಮಲೆನಾಡಿನ ಮಳೆಗಾಲದಲ್ಲಿ ಅಮ್ಮನೂ ಹಿಟ್ಟಿನ ಪಾತ್ರೆಯನ್ನು ಒಲೆಯ ಪಕ್ಕಕ್ಕೆ ಸರಿಸುತ್ತಿದ್ದಳು. ಏನೇ ಆದರೂ ಹುದುಗು ಎಂದರೆ ನನಗೆ ಒಂದು ರಾತ್ರಿಯ ಕೆಲಸ, ಹೆಚ್ಚೆಂದರೆ ಎರಡು. ಮನೆಯಲ್ಲೇ ಬಿಯರ್ ಮಾಡಲು ಹೊರಟಾಗ ಈ ಲೆಕ್ಕವೇ ನನಗೆ ಮುಳುವಾಯಿತು.

ಬ್ರಸೆಲ್ಸ್ ಸುತ್ತಮುತ್ತ ಲ್ಯಾಂಬಿಕ್ ಎಂಬ ಬಿಯರ್ ಮಾಡುತ್ತಾರೆ. ಅದಕ್ಕೆ ಯಾರೂ ಯೀಸ್ಟ್ ಹಾಕುವುದಿಲ್ಲ. ಬಾರ್ಲಿ ಮಾಲ್ಟ್‌ಗೆ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಗೆ, ಸುಮಾರು ಮೂರನೇ ಒಂದು ಪಾಲು ಮೊಳಕೆ ಬರಿಸದ ಗೋಧಿ ಸೇರಿಸಿ, ವರ್ಷಗಟ್ಟಲೆ ಇಟ್ಟು ಕಹಿ ಕಳೆದ ಹಾಪ್ಸ್ ಎಂಬ ಹೂ ಹಾಕಿ, ಗಂಟೆಗಟ್ಟಲೆ ಕುದಿಸುತ್ತಾರೆ. ಆಮೇಲೆ ರಸವನ್ನು ಅಗಲವಾದ, ಆಳವಿಲ್ಲದ ತೊಟ್ಟಿಗೆ ಬಿಟ್ಟು ರಾತ್ರಿಯಿಡೀ ಬಾಯಿ ತೆರೆದೇ ಆರಿಸುತ್ತಾರೆ. ಗಾಳಿಯಲ್ಲಿ, ಓಕ್ ಮರದ ಪೀಪಾಯಿಗಳಲ್ಲಿ ಇರುವ ಕಾಡು ಯೀಸ್ಟ್, ಬ್ಯಾಕ್ಟೀರಿಯಾಗಳೇ ಮುಂದಿನದ್ದನ್ನು ನೋಡಿಕೊಳ್ಳುತ್ತವೆ. ಬೇಸಿಗೆಯಲ್ಲಿ ಬೇಡದ ಬ್ಯಾಕ್ಟೀರಿಯಾಗಳ ಕಾಟ ಹೆಚ್ಚು, ಹಾಗಾಗಿ ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಮಾತ್ರ ಈ ಕೆಲಸ. ಬ್ರಸೆಲ್ಸಿನ ಆಂಡರ್‌ಲೆಕ್ಟ್‌ನಲ್ಲಿ 1900ರಲ್ಲಿ ಶುರುವಾದ ಕ್ಯಾಂಟಿಯೋನ್ ಎಂಬ ಬಿಯರ್ ತಯಾರಿಕಾ ಮನೆಯಲ್ಲಿ ಇವತ್ತಿಗೂ ಇದೇ ಕ್ರಮ. ಒಂದು, ಎರಡು, ಮೂರು ವರ್ಷದ ಲ್ಯಾಂಬಿಕ್‌ಗಳನ್ನು ಬೆರೆಸಿ ಬಾಟಲಿಗೆ ತುಂಬಿದರೆ ಅದು ಗ್ಯೂಜ್.

ಡಿಸೆಂಬರಿನ ಒಂದು ರಾತ್ರಿ ನಾನೂ ಬಾಲ್ಕನಿಯಲ್ಲಿ 20 ಲೀಟರ್ ರಸ ಆರಲು ಇಟ್ಟೆ, ಪಾತ್ರೆಯ ಬಾಯಿಗೆ ತೆಳು ಬಟ್ಟೆ ಕಟ್ಟಿ. ಬೆಳಿಗ್ಗೆ ಗಾಜಿನ ಜಾಡಿಗೆ ಸುರಿದು ಏರ್‌ಲಾಕ್ ಹಾಕಿದೆ, ಒಳಗಿನ ಗಾಳಿಯನ್ನು ಹೊರಗೆ ಬಿಟ್ಟು ಹೊರಗಿನದನ್ನು ತಡೆಯುವ ನೀರಿನ ಮುಚ್ಚಳ ಅದು. ಕೆಲವು ದಿನ ಸದ್ದಿಲ್ಲ. ಆಮೇಲೆ ಕೊಳೆತ ಎಲೆಕೋಸಿನ ವಾಸನೆ, ಅದರ ಹಿಂದೆಯೇ ನೊರೆ, ಗುಳುಗುಳು. ಮಾರ್ಚ್ ಹೊತ್ತಿಗೆ ಎಲ್ಲ ತಣ್ಣಗಾಯಿತು. ನನಗೆ ತಡೆಯಲಾಗದೆ ಮೂರು ನಾಲ್ಕು ಸಲ ಮುಚ್ಚಳ ತೆಗೆದು ರುಚಿ ನೋಡಿದೆ.

ಜೂನ್‌ನಲ್ಲಿ ಪೈಪಿನಿಂದ ಲೋಟಕ್ಕೆ ಎಳೆದರೆ ಬಿಯರ್ ಎಳೆಎಳೆಯಾಗಿ ಇಳಿಯಿತು, ಬೆಂಡೆಕಾಯಿ ಹೆಚ್ಚಿದ ಚಾಕುವಿಗೆ ಅಂಟುವ ಲೋಳೆಯ ಹಾಗೆ. ಮೂಗಿಗೆ ಹಿಡಿದರೆ ಹಳೇ ಬೆಣ್ಣೆಯ ವಾಸನೆ. ಜಾಡಿಯೊಳಗೆ ಮೇಲ್ಗಡೆ ಸುಕ್ಕುಸುಕ್ಕಾದ ಬಿಳಿ ಪೊರೆ ಕಟ್ಟಿತ್ತು. ವಿಡಿಯೊ ಕಾಲ್‌ನಲ್ಲಿ ಅಮ್ಮನಿಗೆ ತೋರಿಸಿದೆ. “ಬೂಷ್ಟು ಬಂದದ್ದನ್ನ ಯಾರಾದ್ರೂ ಇಟ್ಕೊಳ್ತಾರೇನೋ? ಚೆಲ್ಲು ಮಾರಾಯ,” ಅಂದಳು. ಚೆಲ್ಲಿಬಿಟ್ಟೆ. ಅಷ್ಟೂ ಸಿಂಕಿನಲ್ಲಿ ಇಳಿಯುವುದಕ್ಕೆ ತುಂಬಾ ಹೊತ್ತು ಹಿಡಿಯಿತು.

ಕೆಳಗಿನ ಮನೆಯ ಅಜ್ಜ ಎಷ್ಟೋ ವರ್ಷದಿಂದ ಬಿಯರ್ ಮಾಡುವವರು. ವಿಷಯ ಕೇಳಿ ತಲೆ ಮೇಲೆ ಕೈ ಇಟ್ಟುಕೊಂಡರು. ಅದಕ್ಕೆ ಕಾಯಿಲೆ ಬಂದಿತ್ತು, ತಾನಾಗಿ ಗುಣವಾಗುತ್ತಿತ್ತು ಎಂದರು. ಆ ಲೋಳೆ, ಆ ಬೆಣ್ಣೆ ವಾಸನೆ ಪೀಡಿಯೋಕಾಕಸ್ ಎಂಬ ಬ್ಯಾಕ್ಟೀರಿಯಾದ ಕೆಲಸ. ಬಿಸಿ ಏರಿದ ಹಾಗೆ ಅದು ಹೆಚ್ಚುತ್ತದೆ. ಅದರ ಹಿಂದೆ ಬ್ರೆಟನೊಮೈಸಿಸ್ ಎಂಬ ಕಾಡು ಯೀಸ್ಟ್ ಬಂದು ಲೋಳೆಯನ್ನೂ ವಾಸನೆಯನ್ನೂ ತಿಂದು ತೀರಿಸುತ್ತದೆ. ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯಲ್ಲಿದ್ದ ಕ್ಲಾಸೆನ್ 1904ರಲ್ಲಿ ಅದಕ್ಕೆ ಹೆಸರಿಟ್ಟರು. ಅದರ ಒಂದು ಜಾತಿಗೆ ಬ್ರಸೆಲ್ಸಿನದೇ ಹೆಸರು, ಬ್ರುಕ್ಸೆಲೆನ್ಸಿಸ್. ಅದು ಕೆಲಸಕ್ಕೆ ಕೈ ಹಾಕುವುದಕ್ಕೇ ತಿಂಗಳುಗಳು ಬೇಕು. ನಾನು ಹೆದರಿದ ಆ ಪೊರೆಯೂ ಬೂಷ್ಟಾಗಿರಲಿಲ್ಲ. ಈ ಜೀವಿಗಳೇ ಕಟ್ಟಿಕೊಳ್ಳುವ ಪೊರೆ ಅದು. ಮುಚ್ಚಳ ತೆಗೆದಾಗಲೆಲ್ಲ ಒಳಗೆ ಹೋದ ಗಾಳಿಯೇ ನಿಜವಾದ ಶತ್ರು, ಬಿಯರನ್ನು ವಿನೆಗರ್ ಮಾಡುವುದು ಅದು.

ಇದನ್ನು ಕೇಳುತ್ತಾ ನನಗೆ ನೆನಪಾದದ್ದು ದೋಸೆ ಹಿಟ್ಟಲ್ಲ, ಅಜ್ಜಿಯ ಉಪ್ಪಿನಕಾಯಿ ಭರಣಿ. ರಿಪ್ಪನ್‌ಪೇಟೆ ಸಂತೆಯಿಂದ ಅಪ್ಪೆಮಿಡಿ ತಂದು, ತೊಟ್ಟು ಮುರಿಯದ ಹಾಗೆ ಒರೆಸಿ, ಕಲ್ಲುಪ್ಪಿನಲ್ಲಿ ಮುಳುಗಿಸಿ, ಬಾಯಿಗೆ ಬಟ್ಟೆ ಬಿಗಿದು ಕತ್ತಲೆ ಮೂಲೆಗೆ ಇಡುತ್ತಿದ್ದಳು. ಮಿಡಿ ಸುಕ್ಕುಗಟ್ಟುವ ತನಕ ಮಸಾಲೆಯ ಮಾತೇ ಇಲ್ಲ. ಒದ್ದೆ ಕೈ ತಾಗಿಸಬೇಡ, ಸುಮ್ಮಸುಮ್ಮನೆ ತೆಗೆದು ನೋಡಬೇಡ ಎಂದು ಮಕ್ಕಳನ್ನು ಗದರುತ್ತಿದ್ದಳು. ಕೆಳಗಿನ ಮನೆಯ ಅಜ್ಜ ಹೇಳಿದ್ದೂ ಅದನ್ನೇ.

ಹಾಗಾಗಿ ಬೆಲ್ಜಿಯಂನ ಇವರು ತಾಳ್ಮೆಯವರು, ನಾವು ಅವಸರದವರು ಎಂದು ಯಾರಾದರೂ ಹೇಳಿದರೆ ಒಪ್ಪಲಾರೆ. ನಮ್ಮಲ್ಲಿ ಹಿಟ್ಟಿಗೆ ಸೋಡಾ ಬೆರೆಸಿ ಉಬ್ಬಿಸುವವರಿದ್ದ ಹಾಗೆ, ಎರಡೇ ದಿನದಲ್ಲಿ ಹುಳಿ ಬರಿಸಿದ ಬಿಯರ್ ಮಾಡುವವರು ಇವರಲ್ಲೂ ಇದ್ದಾರೆ. ಎರಡು ವಾರದಲ್ಲಿ ಬಿಯರ್ ಬೇಕೆನ್ನುವವರು ಪ್ಯಾಕೆಟ್ ಯೀಸ್ಟ್ ಹಾಕಲಿ, ತಪ್ಪೇನಿಲ್ಲ. ಕಾಡು ಯೀಸ್ಟನ್ನು ಕರೆದು ಕೂರಿಸಿ ಆಮೇಲೆ ಅವಸರ ಮಾಡುವುದು ಮಾತ್ರ ಸಲ್ಲದು.

ನಾನು ಕಂಡ ವ್ಯತ್ಯಾಸ ಬೇರೆಯೇ. ಯಾವ ತಿಂಗಳು ಯಾವ ಜೀವಿ ಏನು ಮಾಡುತ್ತದೆ ಎಂದು ಕೆಳಗಿನ ಮನೆಯ ಅಜ್ಜ ಬಾಯಿಬಿಟ್ಟು ಹೇಳಬಲ್ಲರು, ಪ್ರತಿ ಜಾಡಿಗೂ ಒಂದು ನೋಟ್‌ಬುಕ್ ಇಟ್ಟಿದ್ದಾರೆ. ನಮ್ಮ ಅಜ್ಜಿಗೆ ಅದು ಕೈಯಲ್ಲೇ ಇತ್ತು. ಏಕೆ ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಈಗ ಅವಳಿಲ್ಲ. ಈಗ ಫೋನ್ ಮಾಡಿದಾಗಲೆಲ್ಲ ಅಮ್ಮನನ್ನು ಕೇಳಿ ಬರೆದುಕೊಳ್ಳುತ್ತಿದ್ದೇನೆ: ಉಪ್ಪು ಎಷ್ಟು, ಮಿಡಿ ಸುಕ್ಕಾಗಲು ಎಷ್ಟು ದಿನ, ಮೇಲೆ ಬಿಳಿ ಕಂಡರೆ ಏನು ಮಾಡುವುದು. ಊರಲ್ಲಿ ಇರುವವರು ನನಗಿಂತ ಚೆನ್ನಾಗಿ ಈ ಕೆಲಸ ಮಾಡಬಹುದು, ಮಾಡಬೇಕು ಅನ್ನುವುದು ನನ್ನ ಆಸೆ.

ಎರಡನೇ ಸಲ ಹಾಕಿದ್ದು ನೆಲಮಾಳಿಗೆಯಲ್ಲಿದೆ, ಹದಿನಾಲ್ಕು ತಿಂಗಳಾಯಿತು. ನಡುವೆ ಲೋಳೆಯಾದ ಹಾಗೆ ಕಂಡಿತ್ತು, ಮುಟ್ಟಲಿಲ್ಲ. ಹದಿನೈದು ದಿನಕ್ಕೊಮ್ಮೆ ಇಳಿದು ಹೋಗಿ ಏರ್‌ಲಾಕ್‌ನ ನೀರು ಆರಿದ್ದರೆ ತುಂಬಿಸಿ ಬರುತ್ತೇನೆ. ಜಾಡಿಗೆ ಅಂಟಿಸಿದ ಚೀಟಿಯಲ್ಲಿ ಹಾಕಿದ ದಿನ ಮಾತ್ರ ಇದೆ.