ಕಡಲು ಗೊಬ್ಬರ ಹಾಕುವ ಹುಲ್ಲುಗಾವಲು

ರಾತ್ರಿ 11 ಗಂಟೆ. ಆಕಾಶದಲ್ಲಿ ಇನ್ನೂ ಬೆಳಕಿತ್ತು. ಬೇಲಿ ಪಕ್ಕ ಉಸಿರು ಬಿಗಿಹಿಡಿದು ನಿಂತಿದ್ದೆ. ಎದುರಿನ ಹುಲ್ಲಿನೊಳಗಿಂದ ಯಾರೋ ಬಾಚಣಿಗೆಯ ಹಲ್ಲಿನ ಮೇಲೆ ಉಗುರು ಎಳೆದ ಹಾಗೆ ಸದ್ದು. ಕ್ರೆಕ್ಸ್, ಕ್ರೆಕ್ಸ್. ಹತ್ತು ಹೆಜ್ಜೆ ದೂರವೂ ಇರಲಿಲ್ಲ. ಆದರೂ ಹಕ್ಕಿ ಕಾಣಲಿಲ್ಲ. ಅದರ ಹೆಸರು ಕಾರ್ನ್‌ಕ್ರೇಕ್. ವೈಜ್ಞಾನಿಕ ಹೆಸರೂ ಅದರ ಕೂಗೇ, ಕ್ರೆಕ್ಸ್ ಕ್ರೆಕ್ಸ್. ಚಳಿಗಾಲ ಕಳೆಯೋಕೆ ಆಫ್ರಿಕಾಕ್ಕೆ ಹೋಗಿ, ಮೊಟ್ಟೆ ಇಡೋಕೆ ಮತ್ತೆ ಇಲ್ಲಿಗೇ ಬರುವ ಹಕ್ಕಿ.

ಇಲ್ಲಿ ಅಂದ್ರೆ ಸ್ಕಾಟ್ಲೆಂಡಿನ ಪಶ್ಚಿಮಕ್ಕಿರುವ ನಾರ್ತ್ ಯೂಯಿಸ್ಟ್ ದ್ವೀಪ. ಗ್ಲಾಸ್ಗೋಗೆ ಬಂದು ಇಷ್ಟು ವರ್ಷವಾದರೂ ಹೋಗಿರಲಿಲ್ಲ. ಈ ಜೂನ್‌ನಲ್ಲಿ ಸ್ಕೈ ದ್ವೀಪದ ಊಗ್‌ನಿಂದ ಫೆರ್ರಿ ಹತ್ತಿ ಲಾಕ್‌ಮ್ಯಾಡಿಯಲ್ಲಿ ಇಳಿದೆ. ದ್ವೀಪದ ಪೂರ್ವ ಭಾಗವೆಲ್ಲ ಕಪ್ಪು ಜೌಗು ನೆಲ, ಕಲ್ಲು, ಕೆರೆಗಳು. ಪಶ್ಚಿಮದ ಬಾಲ್‌ರಾನಾಲ್ಡ್ ಕಡೆ ಬಂದರೆ ಬೇರೆಯದೇ ಲೋಕ. ಬಿಳಿ ಮರಳಿನ ದಂಡೆ, ಅದರ ಹಿಂದೆ ಮರಳು ದಿಬ್ಬ, ದಿಬ್ಬದ ಹಿಂದೆ ಕಣ್ಣು ಹಾಯುವಷ್ಟೂ ಹೂವು. ಗೇಲಿಕ್ ಭಾಷೆಯಲ್ಲಿ ಈ ನೆಲಕ್ಕೆ ಮಾಖರ್ ಅಂತಾರೆ. ಇಡೀ ಜಗತ್ತಿನಲ್ಲಿ ಇದು ಇರೋದು ಸ್ಕಾಟ್ಲೆಂಡ್ ಮತ್ತು ಐರ್ಲೆಂಡಿನ ಕಡಲಂಚಿನಲ್ಲಿ ಮಾತ್ರ.

ಮರಳನ್ನು ಅಂಗೈಯಲ್ಲಿ ಹಿಡಿದು ನೋಡಿದೆ. ಅದು ಕಲ್ಲಿನ ಮರಳಲ್ಲ, ಚಿಪ್ಪಿನ ಚೂರು. ಒಂದು ಗುಲಾಬಿ, ಒಂದು ನೀಲಿ, ಜೊತೆಗೆ ಸಾಸಿವೆ ಕಾಳಿನಷ್ಟು ದೊಡ್ಡ ಒಂದು ಇಡೀ ಶಂಖ. ಕೆಲವು ಕಡೆ ಈ ಮರಳಿನಲ್ಲಿ ಶೇಕಡಾ 80ರವರೆಗೂ ಚಿಪ್ಪಿನ ಪುಡಿಯೇ ಇರುತ್ತದೆ. ಸಾವಿರಾರು ವರ್ಷಗಳಿಂದ ಗಾಳಿ ಇದನ್ನು ಎತ್ತಿ ಒಳಗಿನ ಹುಳಿ ಮಣ್ಣಿನ ಮೇಲೆ ಹರಡುತ್ತಿದೆ. ನಮ್ಮ ಕಡೆ ಹುಳಿ ಮಣ್ಣಿನ ತೋಟಕ್ಕೆ ಸುಣ್ಣ ಹಾಕ್ತೀವಲ್ಲ, ಅದೇ ಕೆಲಸ. ಇಲ್ಲಿ ಅದನ್ನು ಗಾಳಿಯೇ ಮಾಡುತ್ತದೆ. ಗೊಬ್ಬರದ ಕೆಲಸ ಸಮುದ್ರದ್ದು. ಚಳಿಗಾಲದ ಬಿರುಗಾಳಿಗೆ ಕೆಲ್ಪ್ ಅನ್ನುವ ದೊಡ್ಡ ಕಡಲಪಾಚಿ ಕಿತ್ತು ಬಂದು ದಂಡೆಯಲ್ಲಿ ರಾಶಿ ಬೀಳುತ್ತದೆ. ರೈತರು ಅದನ್ನು ಹೇರಿಕೊಂಡು ಹೋಗಿ ಹೊಲಕ್ಕೆ ಹರಡುತ್ತಾರೆ. ದಂಡೆಯಲ್ಲೇ ಉಳಿದದ್ದು ಕೊಳೆತು ಹುಳ ಬೀಳುತ್ತದೆ, ಆ ಹುಳಕ್ಕೆ ಹಕ್ಕಿಗಳು ಮುಗಿಬೀಳುತ್ತವೆ. ವಾಸನೆಗೆ ಮೂಗು ಮುಚ್ಚಿಕೊಂಡರೂ ಅಲ್ಲಿಂದ ಏಳೋಕೆ ಮನಸ್ಸಾಗಲಿಲ್ಲ. ಕೆಂಪು ಕೊಕ್ಕಿನ ಆಯ್ಸ್ಟರ್‌ಕ್ಯಾಚರ್ ನಾನಿದ್ದೀನಿ ಅನ್ನೋದನ್ನೂ ಮರೆತು ಕೆದಕುತ್ತಿತ್ತು.

ಆಮೇಲೆ ಹುಲ್ಲಿನ ಮೇಲೆ ಬೋರಲಾಗಿ ಮಲಗಿದೆ. ಒಂದು ಗೇಣು ಜಾಗದಲ್ಲಿ ಎಂಟು ಬಗೆಯ ಎಲೆ ಎಣಿಸಿ ಸುಮ್ಮನಾದೆ. ಡೈಸಿ, ಕೆಂಪು ಕ್ಲೋವರ್, ಹಳದಿ ಬಟರ್‌ಕಪ್, ನಡುವೆ ಒಂದು ನೇರಳೆ ಆರ್ಕಿಡ್. ಗ್ರೇಟ್ ಯೆಲ್ಲೋ ಅನ್ನುವ ದುಂಬಿ ಬ್ರಿಟನ್ನಿನ ಬೇರೆಲ್ಲ ಕಡೆ ಹೆಚ್ಚುಕಡಿಮೆ ಕಣ್ಮರೆಯಾಗಿದೆ. ಅದು ಇನ್ನೂ ಉಳಿದಿರುವ ಕೆಲವೇ ಜಾಗಗಳಲ್ಲಿ ಈ ದ್ವೀಪಗಳೂ ಸೇರಿವೆ. ತಲೆ ಮೇಲೆ ನಮ್ಮ ಟಿಟ್ಟಿಭದ ದಾಯಾದಿ ಲ್ಯಾಪ್‌ವಿಂಗ್ ಕೂಗಿಕೊಂಡು ಸುತ್ತಿತು. ಹತ್ತಿರದಲ್ಲೇ ಮರಿ ಇರಬೇಕು ಅಂತ ಎದ್ದು ದೂರ ಹೋದೆ.

ಈಗ ನಾನು ಹೇಳಬೇಕು ಅಂದುಕೊಂಡ ಮಾತಿಗೆ ಬರ್ತೀನಿ. ಈ ಹೂವಿನ ನೆಲ ಉಳಿದಿರೋದು ಮನುಷ್ಯ ಕೈಬಿಟ್ಟಿದ್ದರಿಂದ ಅಲ್ಲ, ಕೈಬಿಡದೇ ಇದ್ದದ್ದರಿಂದ. ಇಲ್ಲಿನ ಸಣ್ಣ ರೈತರು ಒಂದು ತುಂಡು ನೆಲ ಉತ್ತು ಓಟ್ಸ್, ಬಾರ್ಲಿ, ರೈ ಬೆರೆಸಿ ಬಿತ್ತುತ್ತಾರೆ. ಬೆಳೆ ತೆಗೆದ ಮೇಲೆ ಅದನ್ನು ಒಂದೆರಡು ವರ್ಷ ಬೀಳು ಬಿಡುತ್ತಾರೆ. ಆ ಬೀಳಿನಲ್ಲೇ ಹೂವು ಮುಗಿಬಿದ್ದು ಬರುತ್ತದೆ. ದನಗಳು ಚಳಿಗಾಲದಲ್ಲಿ ಮೇಯುತ್ತವೆ. ಬೇಸಿಗೆಯಲ್ಲಿ ಹೂ ಬಿಡುವ ಹೊತ್ತಿಗೆ ಅವನ್ನು ಆಚೆಯ ಗುಡ್ಡಕ್ಕೆ ಹೊಡೆಯುತ್ತಾರೆ. ದನ ಬೇಡ, ಉಳುಮೆ ಬೇಡ ಅಂತ ಬೇಲಿ ಹಾಕಿ ಕೂತರೆ ಒರಟು ಹುಲ್ಲು ಎದ್ದು ಹೂವನ್ನೆಲ್ಲ ಮುಚ್ಚಿಬಿಡುತ್ತದೆ.

ಕಾರ್ನ್‌ಕ್ರೇಕ್ ಕಥೆಯೂ ಇದೇ. ಅದು ನೆಲದಲ್ಲಿ ಗೂಡು ಕಟ್ಟುತ್ತದೆ. ಹುಲ್ಲು ಕೊಯ್ಯುವ ಯಂತ್ರ ಬಂದ ಮೇಲೆ ಮರಿಗಳು ಬ್ಲೇಡಿಗೆ ಸಿಕ್ಕಿ ಸಾಯುತ್ತಿದ್ದವು. ಹೊಲದ ಅಂಚಿನಿಂದ ಒಳಗೆ ಕೊಯ್ಯುತ್ತಾ ಬಂದರೆ ಹಕ್ಕಿ ನಡುವೆ ಸಿಕ್ಕಿಬೀಳುತ್ತದೆ. ಅದಕ್ಕೇ ಈಗ ನಡುವಿನಿಂದ ಹೊರಕ್ಕೆ ಕೊಯ್ಯುತ್ತಾರೆ, ಅದೂ ಆಗಸ್ಟ್‌ವರೆಗೆ ಕಾದು. ತಡವಾಗಿ ಕೊಯ್ದರೆ ಮೇವಿನ ಸತ್ವ ಕಡಿಮೆಯಾಗುತ್ತದೆ, ರೈತನಿಗೆ ನಷ್ಟ. ಆ ನಷ್ಟಕ್ಕೆ ಸರ್ಕಾರ ದುಡ್ಡು ಕೊಡುತ್ತದೆ. ಹಕ್ಕಿ ಉಳಿಸುವ ಹೊರೆಯನ್ನು ರೈತನೊಬ್ಬನ ತಲೆ ಮೇಲೆ ಹಾಕಿಲ್ಲ. ನನಗೆ ತುಂಬಾ ಹಿಡಿಸಿದ್ದು ಇದೇ.

ಹಾಗಂತ ಕೈಹಾಕಿದ್ದೆಲ್ಲ ಒಳ್ಳೆಯದಾಗಿಲ್ಲ. 1974ರಲ್ಲಿ ಪಕ್ಕದ ಸೌತ್ ಯೂಯಿಸ್ಟ್‌ನಲ್ಲಿ ತೋಟದ ಸಿಂಬಳದ ಹುಳ ತಿನ್ನಲಿ ಅಂತ ಹೆಡ್ಜ್‌ಹಾಗ್ ಅನ್ನುವ ಪುಟ್ಟ ಮುಳ್ಳುಮೈ ಪ್ರಾಣಿಯನ್ನು ತಂದುಬಿಟ್ಟರು. ಅವು ದ್ವೀಪದಿಂದ ದ್ವೀಪಕ್ಕೆ ಹರಡಿ ಹಕ್ಕಿಗಳ ಮೊಟ್ಟೆ ತಿನ್ನತೊಡಗಿದವು. ಆ ತಲೆನೋವು ಇನ್ನೂ ಮುಗಿದಿಲ್ಲ.

ಅಲ್ಲಿ ಕೂತು ನನಗೆ ನೆನಪಾದದ್ದು ಕುಮಟಾ, ಅಘನಾಶಿನಿ ಹಿನ್ನೀರು, ಅಮ್ಮನ ತವರಿನ ಗಜನಿ ಗದ್ದೆ. ಗಜನಿ ಅಂದ್ರೆ ಉಪ್ಪುನೀರು ಬಂದುಹೋಗುವ ತಗ್ಗಿನ ಗದ್ದೆ. ಮಳೆಗಾಲದಲ್ಲಿ ಹೊಳೆಯ ಸಿಹಿನೀರು ಉಪ್ಪನ್ನು ತೊಳೆದಾಗ ಅಲ್ಲಿ ಕಗ್ಗ ಭತ್ತ. ಆಳೆತ್ತರ ಬೆಳೆಯುತ್ತದೆ, ಉಪ್ಪಿಗೆ ಜಗ್ಗುವುದಿಲ್ಲ, ಅಂಗಡಿ ಗೊಬ್ಬರ ಕೇಳುವುದಿಲ್ಲ. ಮೇಲಿಂದ ತೆನೆಯನ್ನಷ್ಟೇ ಕೊಯ್ಯುತ್ತಾರೆ. ಆಮೇಲೆ ಉಪ್ಪುನೀರು ಒಳಗೆ ಬಿಡುತ್ತಾರೆ. ಉಳಿದ ಹುಲ್ಲು ಕೊಳೆತು ಸೆಟ್ಲಿಗೆ (ಸಿಗಡಿಗೆ), ಮೀನಿಗೆ, ಏಡಿಗೆ ಆಹಾರವಾಗುತ್ತದೆ, ಅವನ್ನು ಹುಡುಕಿ ಹಕ್ಕಿ ಬರುತ್ತದೆ. ಬೆಳೆಯುವವನು, ಮೀನು ಹಿಡಿಯುವವನು, ಹಕ್ಕಿ, ಎಲ್ಲರಿಗೂ ಒಂದೇ ಗದ್ದೆ. ಮಾಖರ್‌ಗೂ ಇದಕ್ಕೂ ಏನು ವ್ಯತ್ಯಾಸ ಹೇಳಿ?

ಆದರೆ ನಾವು ಇದನ್ನು ಏನಂತ ಕರೀತೀವಿ? ಖಾಲಿ ಬಿದ್ದ ಜಾಗ. ಗಜನಿ ಎಷ್ಟೋ ಕಡೆ ಸಿಗಡಿ ಹೊಂಡವಾಯಿತು. ಉಪ್ಪುನೀರು ತಡೆಯುವ ಕಟ್ಟೆ ಒಡೆದ ಮೇಲೆ ರಿಪೇರಿ ಮಾಡುವವರಿಲ್ಲದೆ ಕೆಲವು ಹಾಗೇ ಬಿದ್ದಿವೆ. 2024ರಲ್ಲಿ ಅಘನಾಶಿನಿ ಅಳಿವೆಗೆ ರಾಮ್‌ಸಾರ್ ಮಾನ್ಯತೆ, ಅಂದ್ರೆ ಜಗತ್ತಿನ ಮಹತ್ವದ ಜೌಗು ಪ್ರದೇಶ ಅನ್ನುವ ಮಾನ್ಯತೆ ಸಿಕ್ಕಿತು. ಓದಿ ಖುಷಿಯಾಯಿತು. ಆದರೆ ಅಲ್ಲಿ ಕಗ್ಗ ಬಿತ್ತುವವನಿಗೆ, ಬಳಚು ಅನ್ನುವ ಚಿಪ್ಪು ಹೆಕ್ಕುವ ಹೆಂಗಸಿಗೆ ಇದರಿಂದ ಏನು ಸಿಗುತ್ತದೆ? ಕಗ್ಗ ಬೆಳೆಯುವ ಪ್ರತಿ ಎಕರೆಗೆ ಇಷ್ಟು ಅಂತ ದುಡ್ಡು ಕೊಡಬೇಕು, ಕಟ್ಟೆಯ ಖರ್ಚು ಸರ್ಕಾರ ಹೊರಬೇಕು. ಇದು ದಾನ ಅಲ್ಲ, ಅವರು ಮಾಡುತ್ತಿರುವ ಕೆಲಸದ ಕೂಲಿ. ಅವರು ಎದ್ದು ಬೆಂಗಳೂರಿಗೆ ಹೋದ ಮೇಲೆ ಬೋರ್ಡು ಹಾಕಿ ಏನು ಉಪಯೋಗ?

ಕಡಲಪಾಚಿ ಹೇರಿದ ಟ್ರೈಲರ್ ಫೋಟೋವನ್ನು ಮಾವನಿಗೆ ವಾಟ್ಸಾಪ್ ಮಾಡಿದ್ದೆ. ತಕ್ಷಣ ಫೋನ್ ಬಂತು. "ಅಲ್ಲಿಯವ್ರೂ ಸಮುದ್ರದ ಕೈಲೇ ಗೊಬ್ಬರ ಹಾಕ್ಸ್ತಾರನಾ?" ಅಂತ ಕೇಳಿದರು. ಎಷ್ಟು ದನ, ಏನು ಬಿತ್ತುತ್ತಾರೆ, ಉಪ್ಪುಗಾಳಿಗೆ ಬೆಳೆ ಹೇಗೆ ತಡೆಯುತ್ತದೆ, ಮುಕ್ಕಾಲು ಗಂಟೆ ಅದೇ ಮಾತು. ಮೊನ್ನೆ ಅವರೂ ಒಂದು ಫೋಟೋ ಕಳಿಸಿದ್ದಾರೆ. ಬುಟ್ಟಿ ತುಂಬ ಮೊಳಕೆ ಬಂದ ಕಗ್ಗದ ಬೀಜ. ಹಿಂದೆ ಗದ್ದೆಯ ನೀರಲ್ಲಿ ಒಂದು ಬೆಳ್ಳಕ್ಕಿ ನಿಂತಿದೆ.