ಹುಷಾರಿಲ್ಲ ಅನ್ನೋ ನೆಪ ಬೇಡ

ಒರಟು ಮಾತಿನ ನಾದಿನಿಯ ಮನೆ ಗೃಹಪ್ರವೇಶ ತಪ್ಪಿಸಿಕೊಳ್ಳಲು ‘ಹುಷಾರಿಲ್ಲ ಅಂದುಬಿಡಿ’ ಎಂದು ಒಂದು ಲೇಖನದಲ್ಲಿ ಸಲಹೆ ಕೊಟ್ಟಿದ್ದಾರೆ. ದಯವಿಟ್ಟು ಅದೊಂದು ಬೇಡ. ಸಂಜೆಗೇ ವಿಚಾರಿಸಲು ಫೋನ್ ಬರುತ್ತದೆ, ಮರುದಿನ ಯಾರಾದರೂ ನೋಡಲು ಬರುತ್ತಾರೆ. ಸಿಕ್ಕಿಬಿದ್ದರೆ ನಾದಿನಿಯ ಒರಟುತನ ಹಿಂದೆ ಸರಿದು ನಿಮ್ಮ ಸುಳ್ಳೇ ಮನೆಮಾತಾಗುತ್ತದೆ.

ಬರಲ್ಲ ಅಂತ ಹೇಳಬೇಕಾದವರು ಗಂಡ, ನಾದಿನಿ ಅವರ ತಂಗಿ ತಾನೇ. ಕರೆಯಲು ಬಂದಾಗ ಅರಿಶಿನ ಕುಂಕುಮ, ಪತ್ರಿಕೆ ಮರ್ಯಾದೆಯಿಂದ ತಗೊಳ್ಳಿ, ಆದರೆ ‘ನೋಡೋಣ’ ಅನ್ನಬೇಡಿ. ಹಾಗಂದರೆ ಬರ್ತಾರೆ ಅಂತಲೇ ಲೆಕ್ಕ. ಅಡುಗೆಯವರಿಗೆ ಎಲೆ ಲೆಕ್ಕ ಕೊಡುವ ಮುಂಚೆಯೇ ಫೋನ್ ಮಾಡಿ: ‘ಆವತ್ತು ನಮಗೆ ಬರಕ್ಕಾಗಲ್ಲ ಕಣಮ್ಮ, ಕಾರ್ಯ ಚೆನ್ನಾಗಿ ನಡೀಲಿ.’ ಯಾಕೆ ಅಂದರೂ ಇದೇ ಮಾತು. ಕಾರಣ ಕೊಟ್ಟರೆ ಅದಕ್ಕೊಂದು ದಾರಿ ಹುಡುಕುತ್ತಾರೆ. ಮಗುವಿಗೆ ಪರೀಕ್ಷೆ ಅಂದರೆ ‘ಊಟಕ್ಕಾದ್ರೂ ಬಂದು ಹೋಗಿ’ ಅಂತಾರೆ. ವಾಟ್ಸಾಪ್ ಗ್ರೂಪಿನಲ್ಲಂತೂ ಹಾಕಲೇಬೇಡಿ, ನೆಂಟರೆಲ್ಲ ಪಂಚಾಯ್ತಿಗೆ ಕೂರುತ್ತಾರೆ.

ಮುಯ್ಯಿ ಮಾತ್ರ ತಪ್ಪಿಸಬಾರದು. ನಿಮ್ಮ ಮನೆ ಕಾರ್ಯಕ್ಕೆ ಅವರು 1,001 ರೂಪಾಯಿ ಹಾಕಿದ್ದರೆ ಅದಕ್ಕೆ ಕಮ್ಮಿಯಾಗದಂತೆ, ಕವರಿನ ಮೇಲೆ ಇಬ್ಬರ ಹೆಸರೂ ಬರೆದು, ಅತ್ತೆ ಕೈಲಿ ಮೊದಲೇ ಕಳಿಸಿ. ಬರೆದುಕೊಳ್ಳುವ ಪುಸ್ತಕದಲ್ಲಿ ಹೆಸರಿದ್ದರೆ ಅರ್ಧ ಬಾಯಿ ಮುಚ್ಚುತ್ತದೆ. ಬೇಜಾರಾಗುವುದು ಅತ್ತೆ-ಮಾವನಿಗೆ, ಅವರನ್ನು ಅದೇ ವಾರ ಬೇರೊಂದು ದಿನ ನಿಮ್ಮ ಮನೆಗೇ ಊಟಕ್ಕೆ ಕರೆಯಿರಿ.