ಮಗು ಪೆಟ್ಟಿಗೆಯಲ್ಲಿರುವಾಗ ತಾಯಿಯನ್ನು ಊರಿಗೆ ಕರೆದುಕೊಂಡು ಹೋಗಬೇಡಿ

ಇವತ್ತು ಬೆಳಿಗ್ಗೆ ಮಡಿಕೇರಿಯಲ್ಲಿ ಮತ್ತೆ ಅದನ್ನೇ ನೋಡಿದೆ. 31 ವಾರಕ್ಕೇ ಹೆರಿಗೆಯಾದ ಹುಡುಗಿಗೆ ಕಂಬಳಿ ಹೊದಿಸಿ, ಕಿವಿಗೆ ಹತ್ತಿ ಇಟ್ಟು, ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿ ಜೀಪು ಹತ್ತಿಸುತ್ತಿದ್ದರು. ಮಗು ಮೈಸೂರಿನ ಐಸಿಯುದಲ್ಲಿ, ಮೈ ಬಿಸಿ ಕಾಯುವ ಪೆಟ್ಟಿಗೆಯೊಳಗೆ. ತಾಯಿ ಬಾಣಂತನಕ್ಕೆ ತವರಿಗೆ. "ಮಗೂನ ಪೆಟ್ಟಿಗೇಲಿ ಇಟ್ಟಿದ್ದಾರೆ, ಡಾಕ್ಟ್ರು ನೋಡ್ಕೊಳ್ತಾರೆ. ಇವಳು ಅಲ್ಲಿ ಹೋಗಿ ಮಾಡೋದೇನಿದೆ?" ಅಂದರು ಜೊತೆಗಿದ್ದ ಹಿರಿಯರು. ಮಗಳ ಮೇಲಿನ ಪ್ರೀತಿಯಿಂದಲೇ ಅಂದ ಮಾತು. ಆದರೂ ಬೆಳಿಗ್ಗೆಯಿಂದ ನನ್ನ ಸಿಟ್ಟು ಇಳಿದಿಲ್ಲ. ಪೀಠಿಕೆ ಹಾಕದೆ ಬರೆಯುತ್ತೇನೆ.

ಅವಳು ಅಲ್ಲಿ ಮಾಡೋದು ಬೇಕಾದಷ್ಟಿದೆ. ಅದರಲ್ಲಿ ಅರ್ಧದಷ್ಟನ್ನು ಅವಳ ಹೊರತು ಇನ್ಯಾರೂ ಮಾಡಲಾರರು.

ಮೊದಲು ಆ ಪೆಟ್ಟಿಗೆಯ ವಿಚಾರ. ಇನ್‌ಕ್ಯುಬೇಟರ್ ಆಗಲಿ ವಾರ್ಮರ್ ಆಗಲಿ ಮಗುವಿನ ಮೈಯನ್ನು 36.5ರಿಂದ 37.5 ಡಿಗ್ರಿ ಸೆಲ್ಸಿಯಸ್‌ನೊಳಗೆ ಇಡುತ್ತದೆ. ದಿನ ತುಂಬದ ಮಗುವಿಗೆ ಚರ್ಮದಡಿ ಕೊಬ್ಬಿಲ್ಲ, ನಡುಗಿ ಬಿಸಿ ಮಾಡಿಕೊಳ್ಳಲು ಬರುವುದಿಲ್ಲ. ಮೈ ತಣ್ಣಗಾದರೆ ಇರುವ ಸಕ್ಕರೆಯನ್ನೂ ಆಮ್ಲಜನಕವನ್ನೂ ಬಿಸಿಗಾಗಿ ಸುಡುತ್ತದೆ. ಸಕ್ಕರೆ ಇಳಿಯುತ್ತದೆ, ಉಸಿರು ಸೋಲುತ್ತದೆ. ಹಾಗಾಗಿ ಪೆಟ್ಟಿಗೆ ಬೇಕೇ ಬೇಕು. ಶ್ವಾಸಕೋಶ ಅಂಟಿಕೊಳ್ಳದಂತೆ ನೋಡಿಕೊಳ್ಳುವ ಸರ್ಫ್ಯಾಕ್ಟೆಂಟ್ ಎಂಬ ದ್ರವ ಸುಮಾರು 34–35 ವಾರದವರೆಗೆ ಸಾಕಷ್ಟು ಇರುವುದಿಲ್ಲ, ಅದಕ್ಕಾಗಿ ಮೂಗಿನ ಮೂಲಕ ಸದಾ ಒತ್ತಡದಲ್ಲಿ ಗಾಳಿ ಕೊಡುವ ಸಿಪ್ಯಾಪ್ ಯಂತ್ರ ಬೇಕು. ಉಸಿರಾಡುವುದನ್ನೇ ಮರೆತು 20 ಸೆಕೆಂಡ್ ಸುಮ್ಮನಾಗುವ ಮಗುವಿಗೆ ಮಾನಿಟರ್ ಬೇಕು, ಉಸಿರನ್ನು ಎಚ್ಚರಿಸುವ ಕೆಫೀನ್ ಔಷಧ ಬೇಕು. ಇದೆಲ್ಲ ಒಪ್ಪಿದೆ. ಆದರೆ ಯಾವ ಯಂತ್ರದಿಂದಲೂ ಹಾಲು ಬರುವುದಿಲ್ಲ.

ಹಾಲಿನ ಲೆಕ್ಕ ನೋಡಿ. 1.2 ಕಿಲೋ ಮಗುವಿಗೆ ಮೊದಲ ದಿನ ಬೇಕಾಗುವುದು ಎರಡು ಗಂಟೆಗೊಮ್ಮೆ 2 ಮಿಲಿಲೀಟರ್ ಆಸುಪಾಸು. ಅಷ್ಟೇ. ಬಾಯಿಯಿಂದ ಹೊಟ್ಟೆಗೆ ಇಳಿಸಿದ ತೆಳು ನಳಿಕೆಯಲ್ಲಿ ಹೋಗುತ್ತದೆ, ಏಕೆಂದರೆ ಚೀಪುವುದು, ನುಂಗುವುದು, ಉಸಿರಾಡುವುದು ಮೂರನ್ನೂ ಹೊಂದಿಸಿಕೊಳ್ಳುವುದು ಸುಮಾರು 34 ವಾರಕ್ಕೆ. ಅದಕ್ಕೆ ಸ್ವಲ್ಪ ಮೊದಲು ಒಳಲೆಯಲ್ಲಿ ಕುಡಿಸಬಹುದು. ಆ 2 ಮಿಲಿಲೀಟರ್ ತಾಯಿಯ ಗಿಣ್ಣುಹಾಲೇ ಆಗಬೇಕು. ಪುಡಿಹಾಲಿನ ಮಕ್ಕಳಲ್ಲಿ ಕರುಳಿನ ಗೋಡೆ ಸಾಯುವ ನೆಕ್ರೋಟೈಸಿಂಗ್ ಎಂಟರೋಕೊಲೈಟಿಸ್ ಹೆಚ್ಚು. ಇದ್ದಕ್ಕಿದ್ದಂತೆ ಹೊಟ್ಟೆ ಉಬ್ಬುತ್ತದೆ, ನಳಿಕೆಯಲ್ಲಿ ಹಸಿರು ಬರುತ್ತದೆ, ಮಲದಲ್ಲಿ ರಕ್ತ ಕಾಣುತ್ತದೆ. ವಾರಗಟ್ಟಲೆ ಚೆನ್ನಾಗಿದ್ದ ಮಗು ಒಂದೇ ದಿನದಲ್ಲಿ ಕೈತಪ್ಪಬಹುದು. ಅದನ್ನು ತಡೆಯಲು ನಮ್ಮ ಕೈಯಲ್ಲಿರುವುದರಲ್ಲಿ ತಾಯಿಯ ಹಾಲಿಗಿಂತ ದೊಡ್ಡದು ಯಾವುದೂ ಇಲ್ಲ.

ತವರಲ್ಲಿ ಕಂಬಳಿ ಹೊದ್ದು ಮಲಗಿದವಳಿಗೆ ಹಾಲು ಬತ್ತುತ್ತದೆ. ಬಾಣಂತಿ ಮದ್ದು, ಬೆಳ್ಳುಳ್ಳಿ, ನಾಟಿಕೋಳಿ ಸಾರು ಎಷ್ಟು ಕೊಟ್ಟರೂ ಬತ್ತುತ್ತದೆ. ಎದೆ ಖಾಲಿಯಾದರೆ ಮಾತ್ರ ಹಾಲು ತುಂಬುವುದು, ಖಾಲಿ ಮಾಡಲು ಮಗು ಬಳಿಯಲ್ಲಿಲ್ಲ. ಆದ್ದರಿಂದ ಕೈಯಿಂದ ಹಿಂಡಿ ತೆಗೆಯಬೇಕು. ಹೆರಿಗೆಯಾದ ಮೊದಲ ಗಂಟೆಯಲ್ಲೇ ಶುರುವಾದರೆ ಒಳ್ಳೆಯದು, ಆರು ಗಂಟೆ ದಾಟಿಸಲೇಬಾರದು. ಸಿಸೇರಿಯನ್ ಆಗಿದ್ದರೂ ಸರಿ, ಮಲಗಿದ್ದಲ್ಲೇ ಪಕ್ಕದವರು ಸಹಾಯ ಮಾಡಬಹುದು. ಸೋಪಿನಿಂದ ಕೈ ತೊಳೆದು, ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ಎದೆಗೆ ಇಟ್ಟು, ಮೆಲ್ಲಗೆ ನೀವಬೇಕು. ಹೆಬ್ಬೆರಳು ಮೇಲೆ, ತೋರುಬೆರಳು ಕೆಳಗೆ, ತೊಟ್ಟಿನಿಂದ ಮೂರು ಸೆಂಟಿಮೀಟರ್ ಹಿಂದೆ, ಕಪ್ಪು ಭಾಗದ ಅಂಚಿನಲ್ಲಿ. ಮೊದಲು ಪಕ್ಕೆಲುಬಿನ ಕಡೆಗೆ ಒತ್ತಿ, ಆಮೇಲೆ ಬೆರಳುಗಳನ್ನು ಒಟ್ಟಿಗೆ ತನ್ನಿ. ಬಹಳ ಜನ ತಪ್ಪುವುದು ಇಲ್ಲೇ: ತೊಟ್ಟನ್ನೇ ಹಿಡಿದು ಎಳೆಯುತ್ತಾರೆ. ನೋವಾಗುತ್ತದೆ, ಹಾಲು ಬರುವುದಿಲ್ಲ, "ನನಗೆ ಹಾಲೇ ಇಲ್ಲ" ಎಂದು ಆ ಹುಡುಗಿ ಅಳುತ್ತಾಳೆ. ಒಂದು ಕಡೆ ಮೂರರಿಂದ ಐದು ನಿಮಿಷ, ಆಮೇಲೆ ಇನ್ನೊಂದು ಕಡೆ, ಹೀಗೆ ಬದಲಿಸುತ್ತ 20–30 ನಿಮಿಷ. ದಿನಕ್ಕೆ ಎಂಟು ಸಲವಾದರೂ, ಅದರಲ್ಲಿ ಒಂದು ಸಲ ನಡುರಾತ್ರಿಯ ನಂತರ. ಹಾಲಿನ ಹಾರ್ಮೋನು ಏರುವುದು ರಾತ್ರಿಯಲ್ಲಿ. ನಿದ್ದೆ ಕೆಡಬಾರದು ಎಂದು ಆ ಹೊತ್ತಿನದನ್ನು ಬಿಡಿಸುವ ಮನೆಯವರು ತಮಗೆ ಗೊತ್ತಿಲ್ಲದೆ ಹಾಲನ್ನೇ ಕಡಿಮೆ ಮಾಡುತ್ತಿರುತ್ತಾರೆ.

ಮೊದಲ ಎರಡು ದಿನ ಬರುವುದು ಹನಿಗಳು. "ಇಷ್ಟೇನಾ?" ಎಂದು ಯಾರೂ ದಯವಿಟ್ಟು ಅವಳ ಎದುರು ಅನ್ನಬೇಡಿ. 1 ಮಿಲಿಲೀಟರ್ ಸಿರಿಂಜಿನಲ್ಲಿ ಆ ಹನಿಗಳನ್ನೇ ಹಿಡಿಯಿರಿ. ನಳಿಕೆಯಲ್ಲಿ ಹಾಲು ಕೊಡಲಾಗದ ಮಗುವಿಗೂ ಎರಡು ಕೆನ್ನೆಯೊಳಗೆ 0.1 ಮಿಲಿಲೀಟರ್‌ನಂತೆ ಸವರುತ್ತಾರೆ. ಅದಕ್ಕೂ ಬೆಲೆಯಿದೆ.

"ಮನೆಯಲ್ಲೇ ಹಿಂಡಿ ಬಸ್ಸಲ್ಲಿ ಕಳಿಸುತ್ತೇವೆ" ಎನ್ನುವವರಿದ್ದಾರೆ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ನಾಪೋಕ್ಲು ಕಡೆಯವರಿಗೆ ಇನ್ನೂ ಜಾಸ್ತಿ. ಹಿಂಡಿದ ಹಾಲು ಕೋಣೆಯ ಬಿಸಿಯಲ್ಲಿ ನಾಲ್ಕು ಗಂಟೆ ತಡೆಯುತ್ತದೆ, ಫ್ರಿಜ್ಜಿನಲ್ಲಿ ಒಂದು ದಿನ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ನಮ್ಮ ಕಡೆಯ ಫ್ರಿಜ್ಜು ಏನಾಗುತ್ತದೆಂದು ನಿಮಗೆ ಗೊತ್ತು. ಬೇರೆ ದಾರಿಯೇ ಇಲ್ಲದಿದ್ದರೆ ಕುದಿಸಿ ಒಣಗಿಸಿದ ಮುಚ್ಚಳದ ಡಬ್ಬಿ, ಮೇಲೆ ತಾಯಿಯ ಹೆಸರು, ಹಿಂಡಿದ ಸಮಯ, ಸುತ್ತ ಐಸ್ ಪ್ಯಾಕ್ ಇಟ್ಟ ಪೆಟ್ಟಿಗೆ. ಬೆಳಗಿನ ಹಾಲನ್ನು ಸಂಜೆಯ ಹಾಲಿನ ಮೇಲೆ ಸುರಿಯಬೇಡಿ, ಒಲೆಯ ಮೇಲೆ ಬಿಸಿ ಮಾಡಬೇಡಿ. ಇಷ್ಟೆಲ್ಲ ಮಾಡಿದರೂ ದಿನಕ್ಕೆ ಒಂದು ಸಲ ತಲುಪೀತು. ಮಗುವಿಗೆ ಬೇಕಿರುವುದು ಹನ್ನೆರಡು ಸಲ.

ಇನ್ನು ಎದೆಗೆ ಅಪ್ಪಿಕೊಳ್ಳುವ ವಿಷಯ, ಕಾಂಗರೂ ತಾಯಿ ಆರೈಕೆ. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್‌ಗಳು ಸಾಲದೆ ಶುರುವಾದದ್ದು ಇದು. ಹಾಗಾಗಿ ಇಂದಿಗೂ ಎಷ್ಟೋ ಜನ ಇದನ್ನು ಯಂತ್ರವಿಲ್ಲದ ಬಡ ಆಸ್ಪತ್ರೆಯ ಉಪಾಯ ಅಂದುಕೊಂಡಿದ್ದಾರೆ. 2021ರಲ್ಲಿ ಭಾರತವೂ ಸೇರಿ ಐದು ದೇಶಗಳ ಆಸ್ಪತ್ರೆಗಳ ಅಧ್ಯಯನ ಪ್ರಕಟವಾಯಿತು. ಒಂದು ಕಿಲೋದಿಂದ 1.8 ಕಿಲೋದೊಳಗಿನ ಮೂರು ಸಾವಿರಕ್ಕೂ ಹೆಚ್ಚು ಮಕ್ಕಳು. ಮಗು ಸುಧಾರಿಸಲಿ ಎಂದು ಕಾಯದೆ ಹುಟ್ಟಿದ ಕೂಡಲೇ ಎದೆಗೆ ಹಾಕಿದ ಗುಂಪಿನಲ್ಲಿ ಮೊದಲ 28 ದಿನಗಳಲ್ಲಿ ತೀರಿಕೊಂಡವರು ನೂರಕ್ಕೆ 12, ಕಾದು ಆಮೇಲೆ ಹಾಕಿದ ಗುಂಪಿನಲ್ಲಿ ನೂರಕ್ಕೆ 15.7. ಆ ಆಸ್ಪತ್ರೆಗಳಲ್ಲಿ ಐಸಿಯು ಒಳಗೇ ಮಗುವಿನ ಪಕ್ಕದಲ್ಲಿ ತಾಯಿಗೂ ಹಾಸಿಗೆ ಕೊಟ್ಟಿದ್ದರು. ಮರುವರ್ಷವೇ ವಿಶ್ವ ಆರೋಗ್ಯ ಸಂಸ್ಥೆ ತನ್ನ ಶಿಫಾರಸು ಬದಲಿಸಿತು: ಹುಟ್ಟಿದ ಕೂಡಲೇ ಶುರುಮಾಡಿ, ದಿನಕ್ಕೆ 8ರಿಂದ 24 ಗಂಟೆ. ತವರಿನಲ್ಲಿ ಕುಳಿತವಳು ಎಂಟು ಗಂಟೆ ಹೇಗೆ ಕೊಟ್ಟಾಳು?

ಮಾಡುವ ಕ್ರಮ ಕಷ್ಟದ್ದಲ್ಲ. ಮಗುವಿಗೆ ಟೋಪಿ, ಕಾಲುಚೀಲ, ಲಂಗೋಟಿ ಬಿಟ್ಟು ಬೇರೇನೂ ಬೇಡ. ಎರಡು ಸ್ತನಗಳ ನಡುವೆ ನೆಟ್ಟಗೆ, ಕೈಕಾಲು ಕಪ್ಪೆಯಂತೆ ಮಡಿಸಿ, ತಲೆ ಒಂದು ಪಕ್ಕಕ್ಕೆ, ಗದ್ದ ತುಸು ಮೇಲೆ. ಗದ್ದ ಎದೆಗೆ ಒತ್ತಿಕೊಂಡರೆ ಉಸಿರುದಾರಿ ಮಡಚುತ್ತದೆ, ಅದೊಂದನ್ನು ಕಣ್ಣಿಟ್ಟು ನೋಡಬೇಕು. ಹತ್ತಿಬಟ್ಟೆಯನ್ನು ಮಗುವಿನ ಕಿವಿಯ ಕೆಳಗಿನವರೆಗೆ ಸುತ್ತಿ, ತಾಯಿ ಸ್ವಲ್ಪ ಒರಗಿ ಕೂರಬೇಕು. ಒಂದು ಸಲ ಹಾಕಿದರೆ ಕನಿಷ್ಠ ಒಂದು ಗಂಟೆ, ಎತ್ತಿ ಇಳಿಸುವುದೇ ಈ ಮಕ್ಕಳಿಗೆ ಸುಸ್ತು. ನಳಿಕೆಯ ಹಾಲು ಎದೆಯ ಮೇಲಿದ್ದಂತೆಯೇ ಕೊಡಬಹುದು. ಸಿಪ್ಯಾಪ್ ಇದ್ದರೂ, ಸಿಬ್ಬಂದಿ ಜೊತೆಗಿದ್ದು ನಳಿಕೆ ನೋಡಿಕೊಂಡರೆ, ಆಗುತ್ತದೆ. ತಾಯಿ ಊಟಕ್ಕೋ ಸ್ನಾನಕ್ಕೋ ಎದ್ದಾಗ ಅಪ್ಪ ಅಂಗಿ ಬಿಚ್ಚಿ ಕೂರಲಿ. ಅಜ್ಜಿಯೂ ಆದೀತು.

"ಹೊರಗಿನವರು ಒಳಗೆ ಬಂದರೆ ಸೋಂಕು" ಎನ್ನುತ್ತಾರೆ. ಮನೆಯವರಷ್ಟೇ ಅಲ್ಲ, ಕೆಲವು ಕಡೆ ಸಿಬ್ಬಂದಿಯೂ ಇದನ್ನೇ ಹೇಳಿ ದಿನಕ್ಕೆ ಹತ್ತು ನಿಮಿಷ ಗಾಜಿನಾಚೆಯಿಂದ ತೋರಿಸಿ ಕಳಿಸುತ್ತಾರೆ. ನೆಗಡಿ ಕೆಮ್ಮು ಇರುವವರು ಬರಬಾರದು, ನಿಜ. ನೆಂಟರು ಸಾಲಾಗಿ ಬರಬಾರದು, ಅದೂ ನಿಜ. ಆದರೆ ತಾಯಿ ಹೊರಗಿನವಳಲ್ಲ. ಮೇಲೆ ಹೇಳಿದ ಅಧ್ಯಯನದಲ್ಲೇ ತಾಯಿ ಒಳಗಿದ್ದ ಮಕ್ಕಳಲ್ಲಿ ಸೋಂಕಿನ ಶಂಕೆ ಕಡಿಮೆಯಿತ್ತು, ಹೆಚ್ಚಲ್ಲ. ಬಳೆ, ಉಂಗುರ, ವಾಚು ತೆಗೆದು, ಉಗುರು ಕತ್ತರಿಸಿ, ಮೊಣಕೈವರೆಗೆ ಸೋಪು ಹಚ್ಚಿ ತೊಳೆಯುವುದನ್ನು ಒಂದು ದಿನ ಹೇಳಿಕೊಟ್ಟರೆ ಯಾವ ತಾಯಿಯೂ ತಪ್ಪಿಸುವುದಿಲ್ಲ. ಕೇಂದ್ರ ಆರೋಗ್ಯ ಸಚಿವಾಲಯ 2017ರಲ್ಲೇ ಕುಟುಂಬವನ್ನು ಆರೈಕೆಯಲ್ಲಿ ಸೇರಿಸಿಕೊಳ್ಳಿ ಎಂದು ನವಜಾತ ಶಿಶು ಘಟಕಗಳಿಗೆ ಮಾರ್ಗಸೂಚಿ ಕೊಟ್ಟಿದೆ. ಬಾಗಿಲಲ್ಲಿ ತಡೆದರೆ ಆ ಮಾರ್ಗಸೂಚಿಯ ಹೆಸರು ಹೇಳಿ ಕೇಳಿ. ಕೂಗಾಡಬೇಡಿ, ಕೇಳಿ.

ಜಾಗವಿಲ್ಲ ಎನ್ನುವ ಮಾತನ್ನು ಮಾತ್ರ ನಾನು ತಳ್ಳಿಹಾಕಲಾರೆ. ಬಾಣಂತಿ ವರಾಂಡದ ನೆಲದ ಮೇಲೆ ಮಲಗಬೇಕಾದರೆ ಯಾವ ತಂದೆತಾಯಿಯೂ ಮಗಳನ್ನು ಬಿಟ್ಟು ಬರುವುದಿಲ್ಲ. ಅದಕ್ಕೇ ನಮ್ಮ ಬೇಡಿಕೆ ಇನ್ನೊಂದು ವಾರ್ಮರ್‌ಗಿಂತ ಮೊದಲು ತಾಯಂದಿರಿಗೆ ಒರಗುವ ಕುರ್ಚಿ, ಮಲಗುವ ಮಂಚ, ಬಿಸಿನೀರು, ಊಟ ಆಗಿರಬೇಕು. ಮಗುವನ್ನು ರೆಫರ್ ಮಾಡುವ ವೈದ್ಯರಲ್ಲೂ ಒಂದು ವಿನಂತಿ: ತಾಯಿಯ ಸ್ಥಿತಿ ಸರಿಯಿದ್ದರೆ ಅವಳನ್ನೂ ಅದೇ ಆಸ್ಪತ್ರೆಯ ಹೆರಿಗೆ ವಾರ್ಡಿಗೆ ರೆಫರ್ ಮಾಡಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಜನನಿ ಶಿಶು ಸುರಕ್ಷಾ ಯೋಜನೆಯಡಿ ಒಂದು ವರ್ಷದವರೆಗಿನ ಅನಾರೋಗ್ಯದ ಮಗುವಿಗೆ ಚಿಕಿತ್ಸೆ, ಔಷಧ, ರೆಫರ್ ಆದಾಗಿನ ವಾಹನ ಉಚಿತ. ತೋಟದ ಕಾರ್ಮಿಕರ ಲೈನ್‌ಮನೆಗಳಲ್ಲಿರುವ ಎಷ್ಟೋ ಕುಟುಂಬಗಳು ಖರ್ಚಿಗೆ ಹೆದರಿಯೇ ತಾಯಿಯನ್ನು ವಾಪಸ್ ಕರೆಸಿಕೊಳ್ಳುವುದು. ತೋಟದ ಮಾಲೀಕರು, ಕೆಲಸ ನೋಡಿಕೊಳ್ಳುವ ರೈಟರುಗಳು ಇದನ್ನು ಓದುತ್ತಿದ್ದರೆ, ಕುಯ್ಲಿನ ಸಮಯವಾದರೂ ಆ ಅಪ್ಪನನ್ನು ಒಂದಷ್ಟು ದಿನ ಮೈಸೂರಿನಲ್ಲಿ ಇರಲು ಬಿಡಿ.

ಇನ್ನೂ ಒಂದು ಹೆಜ್ಜೆ ಹಿಂದಕ್ಕೆ ಹೋಗುತ್ತೇನೆ. ತಾಯಿ ಮಗುವನ್ನು ಒಟ್ಟಿಗೆ ಸಾಗಿಸಲು ಅತಿ ಸುಲಭದ ಹೊತ್ತು ಹೆರಿಗೆಗೆ ಮೊದಲು. 37 ವಾರಕ್ಕೆ ಮುಂಚೆ ಸೊಂಟ ಹಿಡಿದುಕೊಂಡಂತೆ ಬಂದು ಹೋಗುವ ನೋವು, ಹೊಟ್ಟೆ ಗಟ್ಟಿಯಾಗುವುದು, ನೀರು ಸೋರುವುದು, ಇದರಲ್ಲಿ ಯಾವುದಾದರೂ ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ. 24ರಿಂದ 34 ವಾರದೊಳಗೆ ಹೆರಿಗೆ ಆಗುವಂತಿದ್ದರೆ ಡೆಕ್ಸಾಮೆಥಾಸೋನ್ 6 ಮಿಲಿಗ್ರಾಂ, 12 ಗಂಟೆಗೊಮ್ಮೆ ನಾಲ್ಕು ಚುಚ್ಚುಮದ್ದು ಕೊಡುತ್ತಾರೆ. ಮಗುವಿನ ಶ್ವಾಸಕೋಶ ಬೇಗ ಬಲಿಯುತ್ತದೆ. ಪೂರ್ತಿ ಫಲಕ್ಕೆ ಸಮಯ ಬೇಕು, ಆದರೆ ಹೊರಡುವ ಮೊದಲು ಒಂದು ಡೋಸ್ ಬಿದ್ದರೂ ಲಾಭವೇ. ಕಕ್ಕಡ ತಿಂಗಳ ಜೋರು ಮಳೆಯಲ್ಲಿ ಒಂದು ಕಿಲೋ ಕೂಸನ್ನು ಆಂಬುಲೆನ್ಸಿನಲ್ಲಿ ಮಂಗಳೂರಿನ ಕಡೆಗೆ ಸಂಪಾಜೆ ಘಾಟಿ ಇಳಿಸುವುದು ಎಂದರೇನು ಎಂದು ಆ ರಸ್ತೆ ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ. 2018ರ ಆಗಸ್ಟ್‌ನಲ್ಲಿ ಆ ದಾರಿಯೇ ಕುಸಿದು ಮುಚ್ಚಿಹೋಗಿತ್ತು.

ಮನೆಗೆ ಬಂದ ಮೇಲಿನದು ಚಿಕ್ಕದಾಗಿ. 2.5 ಕಿಲೋ ಆಗುವವರೆಗೆ, ಅಥವಾ ಮಗುವೇ ಕೊಸರಾಡಿ ಬೇಡ ಅನ್ನುವವರೆಗೆ, ಎದೆಯ ಮೇಲಿನ ಆರೈಕೆ ನಡೆಯಲಿ. ಅಲ್ಲಿಯವರೆಗೆ ಎಣ್ಣೆ ಹಚ್ಚಿ ಎರೆಯುವುದು ಬೇಡ, ಒರೆಸಿದರೆ ಸಾಕು. ಜೇನು, ಬಜೆ, ಗ್ರೈಪ್ ವಾಟರ್ ಯಾವುದೂ ಬೇಡ. ಚಳಿಯೆಂದು ಮುಚ್ಚಿದ ಕೋಣೆಯಲ್ಲಿ ಕೆಂಡ ಇಡಬೇಡಿ, ಸಾಂಬ್ರಾಣಿ ಹೊಗೆ ಹಾಕಬೇಡಿ. ಹೋರಾಡಿ ಉಳಿದ ಶ್ವಾಸಕೋಶ ಅದು. ನಿಮಿಷಕ್ಕೆ 60ಕ್ಕಿಂತ ಹೆಚ್ಚು ಉಸಿರು, ಪಕ್ಕೆ ಒಳಸೆಳೆತ, ಹಾಲು ಕುಡಿಯುವುದನ್ನು ಬಿಡುವುದು, ಅಂಗೈ ಅಂಗಾಲು ಹಳದಿ, ಮೈ ತಣ್ಣಗಾಗುವುದು, ಇದರಲ್ಲಿ ಒಂದು ಕಂಡರೂ ಆಸ್ಪತ್ರೆಗೆ.

ಕಣ್ಣಿನ ಪರೀಕ್ಷೆಯನ್ನು ಮಾತ್ರ ಕ್ಯಾಲೆಂಡರಿನಲ್ಲಿ ಬರೆದಿಡಿ. 34 ವಾರಕ್ಕಿಂತ ಮೊದಲು ಹುಟ್ಟಿದ, ಅಥವಾ ಎರಡು ಕಿಲೋಗಿಂತ ಕಡಿಮೆಯಿದ್ದ ಎಲ್ಲ ಮಕ್ಕಳಿಗೂ ಹುಟ್ಟಿದ 30 ದಿನದೊಳಗೆ ಅಕ್ಷಿಪಟಲ ನೋಡಿಸಬೇಕು. 28 ವಾರಕ್ಕಿಂತ ಮೊದಲು ಅಥವಾ 1200 ಗ್ರಾಂಗಿಂತ ಕಡಿಮೆಯಿದ್ದರೆ ಎರಡರಿಂದ ಮೂರು ವಾರದೊಳಗೆ. ಹೊರಗಿನಿಂದ ಕಣ್ಣು ಚೆನ್ನಾಗಿಯೇ ಕಾಣುತ್ತದೆ, ಒಳಗೆ ರಕ್ತನಾಳ ಅಡ್ಡಾದಿಡ್ಡಿ ಬೆಳೆದು ಪಟಲವನ್ನು ಎಳೆಯುತ್ತಿರುತ್ತದೆ. ಸಮಯಕ್ಕೆ ಲೇಸರ್ ಆದರೆ ದೃಷ್ಟಿ ಉಳಿಯುತ್ತದೆ. "ಮಗು ಚೆನ್ನಾಗಿದೆಯಲ್ಲ, ಮಳೆ ನಿಲ್ಲಲಿ" ಎಂದು ಮುಂದೂಡಿದರೆ ಉಳಿಯುವುದಿಲ್ಲ.

ಕೊನೆಗೆ, ನೋಡಲು ಹೋಗುವ ನೆಂಟರಿಗೆ. ಮಗುವಿಗೆ ಸ್ವೆಟರು, ಬೆಳ್ಳಿ ಉಡಿದಾರ ಈಗ ಬೇಡ. "ತೂಕ ಎಷ್ಟಾಯ್ತು?" ಎಂದು ದಿನಾ ಫೋನು ಮಾಡಬೇಡಿ, ಮೊದಲ ವಾರ ಈ ಮಕ್ಕಳ ತೂಕ ಇಳಿಯುತ್ತದೆ, ಹುಟ್ಟಿದ ತೂಕಕ್ಕೆ ಮರಳಲು ಹತ್ತರಿಂದ ಹದಿನಾಲ್ಕು ದಿನ ಬೇಕು. ತಾಯಿಗೆ ಬಿಸಿ ಊಟ, ಮುಂದೆ ಗುಂಡಿಯಿರುವ ಎರಡು ನೈಟಿ, ಮುಚ್ಚಳದ ಸ್ಟೀಲ್ ಲೋಟ, ಒಂದು ಥರ್ಮಾಸ್ ಒಯ್ಯಿರಿ. ಆಸ್ಪತ್ರೆಯ ಹತ್ತಿರ ನಿಮ್ಮವರ ಮನೆಯಿದ್ದರೆ ಒಂದು ಕೋಣೆ ಕೊಡಿಸಿ. ಬಾಣಂತನ ಅಲ್ಲೇ ಮಾಡಿ.